ಲೆಕ್ಕಕ್ಕುಂಟು, ಆಟಕ್ಕಿಲ್ಲ: ಕೊಯಮತ್ತೂರು–ತಿರುಪ್ಪೂರಿನ ಕ್ರಿಕೆಟ್ ವಾದಗಳಲ್ಲಿ ‘ಬೆಲೆ’ ಎಂಬ ಪದ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವನ್ನು ಸೇರಿಸಲಾಗಿದೆ.)

ಧ್ವನಿ ಕೇಳಿಸ್ತಾ ಇದೆ ಅಂತ ಸಂಚಾಲಕರು ಹೇಳಿದ್ದಾರೆ, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ. ಗಡಿಯಾಚೆಯ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನ, ದೇವರ ಹಾಡು, ಮದುವೆ ಶಾಸ್ತ್ರ ಇಷ್ಟನ್ನೇ ಹಿಡಿದುಕೊಳ್ಳುತ್ತೇವೆ. ಕನ್ನಡ ಅಲ್ಲಿ ಇವತ್ತು ಯಾವುದಕ್ಕಾಗಿ ಜಗಳ ಆಡ್ತಿದೆ ಅಂತ ಕೇಳುವುದು ಕಡಿಮೆ. ನಾನು ತಗೊಂಡಿರುವುದು ಒಂದು ಜಗಳವನ್ನೇ. ತಮಿಳುನಾಡು ಪ್ರೀಮಿಯರ್ ಲೀಗ್, ಅಂದರೆ ಟಿಎನ್‌ಪಿಎಲ್, ಪ್ಲೇ-ಆಫ್ ಹಂತಕ್ಕೆ ಬಂದಾಗ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ನಡೆಯುವ ವಾದ. ಯಾವ ಆಟಗಾರ ಕೊಟ್ಟ ದುಡ್ಡಿಗೆ ತಕ್ಕವನು, ಯಾರನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಬಿಡಬೇಕಿತ್ತು ಅನ್ನುವ ವಾದ.

ಹಿನ್ನೆಲೆ ಸ್ವಲ್ಪ ಹೇಳಿ ಮುಂದೆ ಹೋಗ್ತೀನಿ. ಕನ್ನಡ ಮನೆಮಾತಾಗಿರುವ ದೇವಾಂಗ ನೇಕಾರರು, ಒಕ್ಕಲಿಗರು ಆ ಭಾಗದಲ್ಲಿ ತಲೆಮಾರುಗಳಿಂದ ಇದ್ದಾರೆ. ಓದು ತಮಿಳಿನಲ್ಲಿ, ಲೆಕ್ಕಪತ್ರ ತಮಿಳಿನಲ್ಲಿ, ಕನ್ನಡ ಬಾಯಲ್ಲಿ. ಬರೆಯಬೇಕಾಗಿ ಬಂದರೆ ಕನ್ನಡವನ್ನೂ ತಮಿಳು ಲಿಪಿಯಲ್ಲಿ ಬರೆಯುವವರೇ ಹೆಚ್ಚು. ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ, ಅಲ್ಲಿಂದ ‘ಬನಿಯನ್ ಕಂಪನಿ’ಗೆ ಹೋದ ಕುಟುಂಬಗಳು ಬಹಳ. ನಮ್ಮ ತಾಯಿ ಕಡೆಯವರೂ ಅವರಲ್ಲಿ ಸೇರಿದ್ದಾರೆ. ಅದು ಮುಂದೆ ಒಂದು ಕಡೆ ಬೇಕಾಗುತ್ತೆ, ಅದಕ್ಕೇ ಹೇಳಿದೆ. ಎರಡೂ ಊರಿಗೆ ಒಂದೊಂದು ತಂಡ ಇದೆ: ಲೈಕಾ ಕೋವೈ ಕಿಂಗ್ಸ್ ಮತ್ತು ಐಡ್ರೀಮ್ ತಿರುಪ್ಪೂರ್ ತಮಿಳನ್ಸ್. ಎರಡನೆಯದು ಮೊದಲು ಕಾರೈಕುಡಿಯ ತಂಡವಾಗಿತ್ತು, ಆಮೇಲೆ ತಿರುಪ್ಪೂರಿಗೆ ಬಂತು. ಮನೆಯಲ್ಲಿ ಕನ್ನಡ ಮಾತಾಡುತ್ತಾ ‘ತಮಿಳನ್ಸ್’ ಗೆಲ್ಲಲಿ ಅಂತ ಚೌಡೇಶ್ವರಿಗೆ ಹರಕೆ ಹೊರುವವರಿಗೆ ಇದರಲ್ಲಿ ಯಾವ ವಿರೋಧಾಭಾಸವೂ ಕಾಣುವುದಿಲ್ಲ. ಅದನ್ನು ಹುಡುಕಿ ಬೆರಗಾಗುವವರು ನಮ್ಮಂಥ ಸಂಶೋಧಕರು ಮಾತ್ರ.

ಈಗ ಪ್ರಕರಣ. 2016ರಲ್ಲಿ ಶುರುವಾದ ಟಿಎನ್‌ಪಿಎಲ್‌ಗೆ 2023ರಲ್ಲಿ ಮೊದಲ ಸಲ ಹರಾಜು ಬಂತು. ಅದರಲ್ಲಿ ಸಾಯಿ ಸುದರ್ಶನ್ ಅವರನ್ನು ಕೋವೈ ಕಿಂಗ್ಸ್ ₹21.6 ಲಕ್ಷಕ್ಕೆ ತೆಗೆದುಕೊಂಡಿತು. ಆ ಹರಾಜಿನ ಅತಿ ದೊಡ್ಡ ಮೊತ್ತ ಅದು. ಆಗ ಐಪಿಎಲ್‌ನಲ್ಲಿ ಗುಜರಾತ್ ಟೈಟನ್ಸ್ ಅವರಿಗೆ ಕೊಡುತ್ತಿದ್ದದ್ದು 20 ಲಕ್ಷ. ಅಂದರೆ ದೇಶದ ದೊಡ್ಡ ಸಂತೆಗಿಂತ ಊರಿನ ಸಂತೆಯಲ್ಲಿ ರೇಟು ಹೆಚ್ಚು! ಅದೇ ಮೇ ತಿಂಗಳ ಕೊನೆಗೆ ಐಪಿಎಲ್ ಫೈನಲ್‌ನಲ್ಲಿ ಚೆನ್ನೈ ವಿರುದ್ಧ ಅವರು 47 ಎಸೆತಕ್ಕೆ 96 ಹೊಡೆದರು. ಟಿಎನ್‌ಪಿಎಲ್ ಲೀಗ್ ಹಂತದಲ್ಲೂ ರನ್ ರಾಶಿ ಹಾಕಿದರು. ಆದರೆ ಜುಲೈ 12ರಂದು ತಿರುನೆಲ್ವೇಲಿಯಲ್ಲಿ ಫೈನಲ್ ನಡೆದಾಗ ಅವರು ತಂಡದಲ್ಲಿರಲಿಲ್ಲ. ಎಮರ್ಜಿಂಗ್ ಟೀಮ್ಸ್ ಏಷ್ಯಾ ಕಪ್‌ಗೆ ಭಾರತ ‘ಎ’ ತಂಡದ ಕರೆ ಬಂದಿತ್ತು. ಅವರಿಲ್ಲದ ಕೋವೈ ಕಿಂಗ್ಸ್ ಆ ಫೈನಲ್ ಅನ್ನು ನೆಲ್ಲೈ ರಾಯಲ್ ಕಿಂಗ್ಸ್ ಮೇಲೆ 104 ರನ್‌ಗಳಿಂದ ಗೆದ್ದಿತು. ಸುರೇಶ್ ಕುಮಾರ್, ಮುಖಿಲೇಶ್, ಅತೀಕ್ ಉರ್ ರಹಮಾನ್ ಮೂವರೂ ಅರ್ಧಶತಕ ಹೊಡೆದರು.

ಕನ್ನಡದಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುವ ಮಾತು ಎಲ್ಲರಿಗೂ ಗೊತ್ತು. ಚಿಕ್ಕ ಮಗು ಅಳದೇ ಇರಲಿ ಅಂತ ಆಟಕ್ಕೆ ಸೇರಿಸಿಕೊಂಡು ಔಟ್ ಮಾಡದೇ ಬಿಡ್ತೀವಲ್ಲ, ಅದು. ಇಲ್ಲಿ ಆ ಮಾತು ತಲೆಕೆಳಗಾಗಿದೆ. ತಂಡದ ಹಣದ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲಿದ್ದವನು ಕೊನೆಯ ಆಟಕ್ಕಿಲ್ಲ. ವಾದ ಹುಟ್ಟಿದ್ದು ಇಲ್ಲೇ. 21.6 ಲಕ್ಷ ದಂಡವೇ, ಅಲ್ಲವೇ?

ದಂಡ ಅನ್ನುವವರ ತರ್ಕ ಸುಲಭ: ಕಪ್ ಗೆದ್ದದ್ದು ಅವನಿಲ್ಲದೆ, ಹಾಗಾದರೆ ಅವನು ಬೇಕಿರಲಿಲ್ಲ. ಅಲ್ಲ ಅನ್ನುವವರ ತರ್ಕಕ್ಕೆ ಪ್ಲೇ-ಆಫ್ ವ್ಯವಸ್ಥೆ ಗೊತ್ತಿರಬೇಕು. ಲೀಗ್‌ನಲ್ಲಿ ಮೊದಲೆರಡು ಸ್ಥಾನದಲ್ಲಿ ಮುಗಿಸಿದ ತಂಡಗಳು ಮೊದಲ ಕ್ವಾಲಿಫೈಯರ್ ಆಡುತ್ತವೆ. ಅದರಲ್ಲಿ ಸೋತರೂ ಎರಡನೇ ಅವಕಾಶ ಸಿಗುತ್ತೆ. ಮೂರು, ನಾಲ್ಕನೇ ತಂಡಗಳಿಗೆ ಒಂದೇ ಸೋಲಿಗೆ ಮನೆ ದಾರಿ. ಸುದರ್ಶನ್ ಲೀಗ್‌ನಲ್ಲಿ ಹೊಡೆದ ರನ್ನು ತಂಡಕ್ಕೆ ಕೊಂಡುಕೊಟ್ಟದ್ದು ಆ ಎರಡನೇ ಅವಕಾಶವನ್ನ. ಅದನ್ನು ಬಳಸುವ ಪ್ರಮೇಯ ಬರದಿದ್ದರೆ ಅದು ದಂಡ ಅಲ್ಲ. ಕೊಡೆ ಹಿಡಿದು ಹೋದ ದಿನ ಮಳೆ ಬರಲಿಲ್ಲ ಅಂತ ಕೊಡೆಯನ್ನು ಯಾರೂ ಬೈಯುವುದಿಲ್ಲ. ನನ್ನ ಒಲವು ಈ ಎರಡನೇ ವಾದದ ಕಡೆಗಿದೆ. ಆದರೆ 2025ರಲ್ಲಿ ಚೆಪಾಕ್ ಸೂಪರ್ ಗಿಲ್ಲೀಸ್ ಲೀಗ್‌ನಲ್ಲಿ ಏಳಕ್ಕೆ ಏಳೂ ಗೆದ್ದು, ಮೊದಲ ಕ್ವಾಲಿಫೈಯರ್‌ನಲ್ಲಿ ತಿರುಪ್ಪೂರಿಗೆ ಸೋತು, ಎರಡನೆಯದರಲ್ಲಿ ದಿಂಡಿಗಲ್‌ಗೆ ಸೋತು ಮನೆಗೆ ಹೋಯಿತು. ಕೊಡೆ ಇದ್ದೂ ನೆಂದರು. ಆದ್ದರಿಂದ ಈ ವಾದ ಮುಗಿಯುವಂಥದ್ದಲ್ಲ, ಮುಗಿಯಬೇಕಾಗಿಯೂ ಇಲ್ಲ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಕುತೂಹಲ ಹುಟ್ಟಿಸಿದ್ದು ಎರಡೂ ಕಡೆಯವರು ಬಳಸುವ ಒಂದು ಪದ. ಕನ್ನಡದ ‘ಬೆಲೆ’, ತಮಿಳಿನ ‘ವಿಲೈ’ ಒಂದೇ ಬೇರಿನವು. ತಮಿಳಿನ ವಿರಲ್ ಕನ್ನಡದಲ್ಲಿ ಬೆರಳು ಆದ ಹಾಗೆ ವಿಲೈ ಬೆಲೆಯಾಗಿದೆ. ಆದರೆ ಎರಡೂ ಪದಗಳು ಬದುಕಿದ ರೀತಿ ಬೇರೆ. ತಮಿಳಿನಲ್ಲಿ ವಿಲೈ ಅಂಗಡಿಯಲ್ಲೇ ಉಳಿಯಿತು. ಗೌರವ, ಯೋಗ್ಯತೆ ಅನ್ನುವುದಕ್ಕೆ ‘ಮದಿಪ್ಪು’ ಅನ್ನುವ ಬೇರೆ ಪದ ಇದೆ. (ಪರೀಕ್ಷೆಯ ಅಂಕಕ್ಕೆ ತಮಿಳಿನಲ್ಲಿ ‘ಮದಿಪ್ಪೆಣ್’ ಅಂತಾರೆ. ಅಂದರೆ ಮದಿಪ್ಪಿನ ಸಂಖ್ಯೆ. ವಿದ್ಯಾರ್ಥಿಗಳ ಪಾಡು ಆ ಒಂದು ಪದದಲ್ಲೇ ಇದೆ.) ಕನ್ನಡದ ಬೆಲೆ ಅಂಗಡಿಯಿಂದ ಹೊರಟು ಮನೆಯ ಜಗಲಿಗೂ ಬಂತು. ಹಿರಿಯರ ಮಾತಿಗೆ ಬೆಲೆ ಕೊಡು ಅಂತೀವಿ. ಈ ಮನೆಯಲ್ಲಿ ನನಗೆ ಬೆಲೆ ಇಲ್ಲ ಅಂತ ಅಳ್ತೀವಿ. ಅಲ್ಲಿ ದುಡ್ಡಿನ ಮಾತೇ ಇಲ್ಲ.

ಇದರ ಪರಿಣಾಮ ನೋಡಿ. ‘ಅವನಿಗೆ ಅಷ್ಟು ವಿಲೈ ಇಲ್ಲ’ ಅಂತ ತಮಿಳಿನಲ್ಲಿ ಹೇಳಿದರೆ ಅದು ಹರಾಜಿನ ಬಗ್ಗೆ ಟೀಕೆ, ಫ್ರಾಂಚೈಸಿಯ ತೀರ್ಮಾನದ ಬಗ್ಗೆ ಟೀಕೆ. ಅದನ್ನೇ ಕನ್ನಡದಲ್ಲಿ ‘ಅವನಿಗೆ ಅಷ್ಟು ಬೆಲೆ ಇಲ್ಲ’ ಅಂದರೆ ಆ ಹುಡುಗನ ಮುಖಕ್ಕೇ ಹೊಡೆದಂತೆ. ಎರಡೂ ಭಾಷೆ ಆಡುವ ಮನೆಗಳಲ್ಲಿ ನಾನು ಗಮನಿಸಿದ್ದು ಏನೆಂದರೆ, ವಾದ ಬಿಸಿಯಾಗುತ್ತಾ ಹೋದ ಹಾಗೆ ಕನ್ನಡ ವಾಕ್ಯದ ಮಧ್ಯೆ ತಮಿಳಿನ ‘ವಿಲೈ’, ‘ಮದಿಪ್ಪು’ ಎರಡೂ ಬಂದು ಕೂರುತ್ತವೆ. ದುಡ್ಡಿನ ಮಾತಿಗೆ ಒಂದು, ಯೋಗ್ಯತೆಯ ಮಾತಿಗೆ ಇನ್ನೊಂದು. ಇದನ್ನು ಕನ್ನಡದ ಸವಕಳಿ, ತಮಿಳಿನ ಆಕ್ರಮಣ ಅಂತ ಬರೆಯುವುದು ಸುಲಭ, ಬರೆದವರೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆಟಗಾರನನ್ನು ಅವಮಾನಿಸದೆ ಅವನ ರೇಟಿನ ಬಗ್ಗೆ ಜಗಳ ಆಡಬೇಕಾದಾಗ ಅವರ ಕನ್ನಡಕ್ಕೆ ಎರಡು ಪದ ಬೇಕು. ಪಕ್ಕದ ಮನೆಯಿಂದ ಕಡ ತಂದಿದ್ದಾರೆ, ಅಷ್ಟೇ.

ಹಾಗಾದರೆ ಕರ್ನಾಟಕದ ಒಳಗಿನ ನಾವು ಏನು ಮಾಡಿದ್ದೇವೆ? ನಮ್ಮ ಪತ್ರಿಕೆಗಳ ಕ್ರೀಡಾಪುಟ ತೆಗೆದು ನೋಡಿ. ಐಪಿಎಲ್ ಹರಾಜಿನ ಮರುದಿನ ಆಟಗಾರರು ‘ಬಿಕರಿ’ಯಾಗಿರುತ್ತಾರೆ. 2024ರ ನವೆಂಬರ್‌ನಲ್ಲಿ ರಿಷಭ್ ಪಂತ್ ಲಖನೌಗೆ 27 ಕೋಟಿಗೆ, ಕೆ.ಎಲ್. ರಾಹುಲ್ ಡೆಲ್ಲಿಗೆ 14 ಕೋಟಿಗೆ ಹೋದರು. ಇಂಥ ಸುದ್ದಿಗೆ ನಮ್ಮ ಶೀರ್ಷಿಕೆಗಳು ಹುಡುಕಿಕೊಳ್ಳುವ ಕ್ರಿಯಾಪದ ಇದು. ಬಿಕರಿಯಾಗುವುದು ರಾಗಿ, ಎಮ್ಮೆ, ಸೈಟು. ಯಾರೂ ಕೊಳ್ಳದ ಆಟಗಾರ ‘ಬಿಕರಿಯಾಗದೆ ಉಳಿದ’, ಸಂತೆ ಮುಗಿದ ಮೇಲೆ ಗೋಣಿಯಲ್ಲಿ ಉಳಿದ ಬದನೆಕಾಯಿಯ ಹಾಗೆ. ‘ಹರಾಜು’ ಪದಕ್ಕೂ ಕನ್ನಡದಲ್ಲಿ ಒಂದು ಕಲೆ ಅಂಟಿದೆ: ಬೀದಿಯಲ್ಲಿ ಮಾನ ಹರಾಜಾಯಿತು ಅಂತೀವಿ. ಆ ಕಲೆಯನ್ನು ತೊಳೆಯದೆಯೇ ಪದವನ್ನು ಕ್ರೀಡಾಪುಟಕ್ಕೆ ತಂದು, ಅದರ ಮೇಲೆ ಹೆಮ್ಮೆಯ ದಪ್ಪಕ್ಷರ ಹಾಕಿದ್ದೇವೆ. ಪತ್ರಕರ್ತರು ಬೇಕೆಂದೇ ಹೀಗೆ ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ. ಜಾಗ ಕಡಿಮೆ, ಸಮಯ ಕಡಿಮೆ, ಪದ ಚಿಕ್ಕದು. ಆದರೂ ಭಾಷೆ ಸೋಮಾರಿಯಾದ ಜಾಗ ಇದು ಅಂತ ಗುರುತಿಸುವುದು ವಿಮರ್ಶೆಯ ಕೆಲಸ.

ಈಗ ತಿರುಪ್ಪೂರಿಗೆ ಬರೋಣ. ಅಲ್ಲಿ ಬೆಲೆ, ವಿಲೈ, ಮದಿಪ್ಪು ಮೂರನ್ನೂ ದಾಟಿದ ಇನ್ನೊಂದು ಲೆಕ್ಕ ಇದೆ. ನಮ್ಮ ಮಾವ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಸುದರ್ಶನ್ ವಿಷಯ ಬಂದಾಗ ಅವರು ಹೇಳಿದ್ದನ್ನು ನೆನಪಿನಿಂದ ಬರೆದುಕೊಂಡಿದ್ದೀನಿ: “ನೋಡಮ್ಮ, ಪೀಸ್ ರೇಟ್‌ನೋರಿಗೆ ಮಾಡಿದ್ದು ಎಣಿಸಿ ಕೊಡ್ತೀವಿ. ಶಿಫ್ಟ್‌ನೋರಿಗೆ ನಿಂತಿದ್ದಕ್ಕೆ ಕೊಡ್ತೀವಿ. ಓವರ್‌ಲಾಕ್‌ನೋನು ಎಷ್ಟು ಪೀಸ್ ಹೊಲಿದ ಅಂತ ಎಣಿಸಬಹುದು. ಹೆಲ್ಪರ್ ಎಷ್ಟು ಹೆಲ್ಪ್ ಮಾಡಿದ ಅಂತ ಹೆಂಗೆ ಎಣಿಸ್ತಿ?”

ತಿರುಪ್ಪೂರಿನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ದಿನವನ್ನು ಗಂಟೆಯಲ್ಲಿ ಅಳೆಯುವುದಕ್ಕಿಂತ ಶಿಫ್ಟ್‌ನಲ್ಲಿ ಅಳೆಯುತ್ತಾರೆ: ಒಂದು ಶಿಫ್ಟ್, ಒಂದೂವರೆ ಶಿಫ್ಟ್. ಸಂಬಳ ವಾರಕ್ಕೊಮ್ಮೆ, ಶನಿವಾರ. ಹೊಲಿಯುವವರಲ್ಲಿ ಬಹಳ ಜನ ಪೀಸ್ ರೇಟ್. ಹೆಲ್ಪರ್, ಚೆಕಿಂಗ್‌ನಂಥ ಕೆಲಸಕ್ಕೆ ಹೆಚ್ಚಾಗಿ ಶಿಫ್ಟ್. ಅಲ್ಲಿ ಬೆಳೆದ ಅಭಿಮಾನಿ ಆಟಗಾರನನ್ನು ನೋಡುವುದೂ ಹೀಗೇ. ಬ್ಯಾಟ್ಸ್‌ಮನ್ ಪೀಸ್ ರೇಟ್: ಇಂತಿಷ್ಟು ರನ್, ಎಣಿಸು, ಕೊಡು. ನಾಯಕ, ಪಾಯಿಂಟ್‌ನಲ್ಲಿ ಚೆಂಡು ತಡೆಯುವವನು, ಆ ತುದಿಯಿಂದ ರನ್ ಬಿಡದೆ ಕಟ್ಟಿಹಾಕಿ ಈ ತುದಿಯವನಿಗೆ ವಿಕೆಟ್ ಕೊಡಿಸುವ ಬೌಲರ್, ಇವರು ಶಿಫ್ಟ್‌ನವರು. ಅವರ ಕೆಲಸ ಇನ್ನೊಬ್ಬರ ಪೀಸ್‌ನಲ್ಲಿ ಸೇರಿಹೋಗಿರುತ್ತೆ.

2025ರ ಜುಲೈ 6ರಂದು ದಿಂಡಿಗಲ್‌ನಲ್ಲಿ ನಡೆದ ಫೈನಲ್ ಅನ್ನು ಈ ಕಣ್ಣಿನಿಂದ ನೋಡಿ. ತಿರುಪ್ಪೂರು 20 ಓವರ್‌ಗೆ 220. ತುಷಾರ್ ರಹೇಜಾ 77, ಅಮಿತ್ ಸಾತ್ವಿಕ್ 65. ಆರ್. ಅಶ್ವಿನ್ ನಾಯಕತ್ವದ ದಿಂಡಿಗಲ್ ಡ್ರ್ಯಾಗನ್ಸ್ 102ಕ್ಕೆ ಆಲೌಟ್. 118 ರನ್ ಅಂತರದ ಗೆಲುವು, ತಿರುಪ್ಪೂರಿಗೆ ಮೊದಲ ಕಪ್. ರಹೇಜಾ ಆ ಸೀಸನ್‌ನ ಅತಿ ಹೆಚ್ಚು ರನ್ ಹೊಡೆದವರು, 488. ಪೀಸ್ ರೇಟ್ ಲೆಕ್ಕದಲ್ಲಿ ಕಪ್ ಅವರದ್ದು. ಆದರೆ ಅಲ್ಲಿ ವಾದ ಆಗಿದ್ದು ನಾಯಕ ಸಾಯಿ ಕಿಶೋರ್ ಬಗ್ಗೆ. ಯಾವ ಓವರ್ ಯಾರಿಗೆ ಕೊಟ್ಟರು, ಯಾರನ್ನು ಎಲ್ಲಿ ನಿಲ್ಲಿಸಿದರು ಅನ್ನುವುದಕ್ಕೆ ಸ್ಕೋರ್‌ಕಾರ್ಡಿನಲ್ಲಿ ಕಾಲಂ ಇಲ್ಲ. ಕಾಲಂ ಇಲ್ಲದ ಕೆಲಸದ ಬಗ್ಗೆ ಮಾತಾಡೋಕೆ ಈ ಜನಕ್ಕೆ ಪದ ಇದೆ, ಯಾಕೆಂದರೆ ಅವರ ಕಂಪನಿಯಲ್ಲೂ ಅಂಥ ಕೆಲಸ ಇದೆ. ಇದು ನನಗೆ ದೊಡ್ಡ ವಿಷಯ ಅನ್ನಿಸುತ್ತೆ.

ಮಾವನ ಮಾತಿನಲ್ಲಿ ಇನ್ನೂ ಒಂದು ತಿರುವು ಇತ್ತು. ಹರಾಜಿನ ದುಡ್ಡು ಪೀಸ್ ರೇಟೂ ಅಲ್ಲ, ಶಿಫ್ಟೂ ಅಲ್ಲ, ಅದು ಅಡ್ವಾನ್ಸ್ ಅಂದರು. ಮಗ್ಗದ ಲೋಕದಲ್ಲಿ ಅಡ್ವಾನ್ಸ್ ಅಂದರೆ ಕೆಲಸಕ್ಕೆ ಮುಂಚೆ ಮಾಲೀಕ ಕೊಡುವ ದುಡ್ಡು, ಅದು ತೀರುವ ತನಕ ಬೇರೆ ಕಡೆ ಹೋಗುವ ಹಾಗಿಲ್ಲ. ಹಾಗಾದರೆ ಸುದರ್ಶನ್ ಫೈನಲ್ ಬಿಟ್ಟು ಹೇಗೆ ಹೋದ? ಕರೆದವನು ಇನ್ನೂ ದೊಡ್ಡ ಮಾಲೀಕ, ಅದಕ್ಕೆ. ಈ ಉತ್ತರಕ್ಕೆ ಮನೆಯವರೆಲ್ಲ ನಕ್ಕರು. ನನಗೆ ಆ ನಗು ಅಷ್ಟು ಹಗುರವಾಗಿ ಕೇಳಿಸಲಿಲ್ಲ.

ಈ ಭಾಷೆಯಲ್ಲಿ ದೋಷ ಇಲ್ಲವೇ? ಇದೆ. ತಮಗೆ ಬೇಕಾದ ಆಟಗಾರ ಸತತ ನಾಲ್ಕು ಪಂದ್ಯದಲ್ಲಿ ಸೊನ್ನೆ ಸುತ್ತಿದಾಗ ಅವನನ್ನು ತಟ್ಟನೆ ‘ಶಿಫ್ಟ್’ ಆಟಗಾರ ಮಾಡಿಬಿಡುತ್ತಾರೆ. ಬೇಡದವನು 40 ಹೊಡೆದರೂ ಪೀಸ್ ಎಣಿಸಿ, ಹೊಲಿಗೆ ಸರಿಯಿಲ್ಲ ಅಂತ ರಿಜೆಕ್ಟ್ ಮಾಡುತ್ತಾರೆ. ಅಳತೆಗೋಲು ಒಳ್ಳೆಯದಿದ್ದರೂ ಹಿಡಿದ ಕೈ ಪಕ್ಷಪಾತಿ. ಸಾಹಿತ್ಯ ವಿಮರ್ಶೆಯಲ್ಲಿ ಇದು ನಮಗೆ ಹೊಸದಲ್ಲ ಬಿಡಿ. ನಾವು ‘ಮೌಲ್ಯ’ ಅನ್ನುವ ಸಂಸ್ಕೃತ ಪದ ಹಿಡಿದುಕೊಂಡು, ಅದಕ್ಕೆ ಸಂತೆಯ ವಾಸನೆಯೇ ಇಲ್ಲ ಅನ್ನುವ ಹಾಗೆ ಮೌಲ್ಯವಿವೇಚನೆ, ಮೌಲ್ಯಪ್ರಜ್ಞೆ ಅಂತೆಲ್ಲ ಬರೆದೆವು. ಮೂಲ್ಯ ಅಂದರೂ ಬೆಲೆಯೇ. ಆ ಸಂಬಂಧ ಮುಚ್ಚಿಟ್ಟದ್ದರಿಂದ ನಮ್ಮ ತೀರ್ಪುಗಳು ಶುದ್ಧವಾದವು ಅಂತ ನನಗೆ ನಂಬಿಕೆ ಇಲ್ಲ.

ಇಲ್ಲಿ ಕಾಯಕದ ಮಾತು ತರಬೇಕು ಅಂತ ಮಾರ್ಗದರ್ಶಕರು ಸೂಚಿಸಿದ್ದರು. ದೇವಾಂಗರು ವಚನಕಾರ ದಾಸಿಮಯ್ಯನನ್ನು ತಮ್ಮವನೆಂದು ಕಾಣುತ್ತಾರೆ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಇಬ್ಬರೂ ಒಬ್ಬರೇ ಹೌದೋ ಅಲ್ಲವೋ ಅನ್ನುವ ಚರ್ಚೆ ಬೇರೆ. ನೇಕಾರ ವಚನಕಾರನಿಂದ ಪೀಸ್ ರೇಟಿಗೆ ಒಂದು ಚಂದದ ಗೆರೆ ಎಳೆಯಬಹುದಿತ್ತು. ನಾನು ಎಳೆದಿಲ್ಲ. ಒಂದೂವರೆ ಶಿಫ್ಟ್ ನಿಂತು ಬಂದವರ ಕೂಲಿಗೆ ಕಾಯಕ ಅಂತ ಹೆಸರಿಟ್ಟರೆ ಲಾಭ ಆಗುವುದು ಕಂಪನಿಗೆ.

ಕೊನೆಯದಾಗಿ ಒಂದು ಹೋಲಿಕೆ, ಬೇಗ ಹೇಳಿ ಮುಗಿಸ್ತೀನಿ. ಕೊಯಮತ್ತೂರು ಹಳೆಯ ಬ್ಯಾಸ್ಕೆಟ್‌ಬಾಲ್ ಊರು. ಪಿಎಸ್‌ಜಿ ಟ್ರೋಫಿ ಅಖಿಲ ಭಾರತ ಟೂರ್ನಿಗೆ ಬರುವ ತಂಡಗಳ ಹೆಸರು ನೋಡಿ: ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಇಂಡಿಯನ್ ಬ್ಯಾಂಕ್, ಭಾರತೀಯ ಸೇನೆ. ಅಲ್ಲಿ ಆಟಗಾರನ ಬೆಲೆ ಅಂದರೆ ಒಂದು ಕೆಲಸ, ಪಿಂಚಣಿ, ಮಂಡಿ ಹೋದ ಮೇಲೂ ಉಳಿಯುವ ಒಂದು ಕುರ್ಚಿ. ಅಭಿಮಾನಿ ಅವನ ಆಟದ ಬಗ್ಗೆ ಜಗಳ ಆಡಬಹುದು, ಅವನ ರೇಟಿನ ಬಗ್ಗೆ ಆಡೋಕಾಗಲ್ಲ; ಗುಮಾಸ್ತನ ಸಂಬಳದ ಬಗ್ಗೆ ಯಾರು ವಾದ ಮಾಡ್ತಾರೆ? ಇನ್ನೊಂದು ತುದಿಯಲ್ಲಿ ಅಮೆರಿಕದ ಎನ್‌ಬಿಎ. 2025ರ ಫೆಬ್ರವರಿಯಲ್ಲಿ ಡಲ್ಲಾಸ್ ತಂಡ ಲೂಕಾ ಡಾನ್ಚಿಚ್ ಅವರನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟು ಆ್ಯಂಟನಿ ಡೇವಿಸ್ ಅವರನ್ನು ತೆಗೆದುಕೊಂಡಾಗ ಡಲ್ಲಾಸ್ ಅಭಿಮಾನಿಗಳು ತಿಂಗಳುಗಟ್ಟಲೆ ಕ್ರೀಡಾಂಗಣದಲ್ಲೇ ಕೂಗಿ ಜನರಲ್ ಮ್ಯಾನೇಜರ್ ರಾಜೀನಾಮೆ ಕೇಳಿದರು. ವಿನಿಮಯದ ಲೆಕ್ಕ ತಪ್ಪು ಅಂತ ಮಾತ್ರ ಅವರಿಗೆ ಸಿಟ್ಟು ಬಂದದ್ದಲ್ಲ. ತಮ್ಮನ್ನು ಕೇಳದೆ ತಮ್ಮವನನ್ನು ಕೊಟ್ಟರು ಅಂತ. ಕನ್ನಡದ ‘ಬೆಲೆ’ಗೆ ಇರುವ ಎರಡನೇ ಅರ್ಥ ಅದೇ.

ಚರ್ಚೆ

ಪ್ರಶ್ನೆ: ಪ್ರಬಂಧ ಚೆನ್ನಾಗಿತ್ತು. ಆದರೆ ಇದು ಸಮಾಜಶಾಸ್ತ್ರ ಆಯಿತಲ್ಲವೇ? ಸಾಹಿತ್ಯ ಎಲ್ಲಿದೆ?

ಉತ್ತರ: ಪಠ್ಯ ಇಲ್ಲ ಅನ್ನುವ ಅರ್ಥದಲ್ಲಿ ಕೇಳ್ತಿದ್ದೀರಿ ಅಂದ್ಕೋತೀನಿ, ಸರ್. ಆದರೆ ವಿಮರ್ಶೆ ಇದೆ. ಎದುರಿಗೆ ಒಂದು ಆಟ, ಅದನ್ನು ನೋಡಿದ ಹತ್ತು ಜನ, ತೀರ್ಪಿಗೆ ಬೇಕಾದ ಪದಗಳ ಹುಡುಕಾಟ. ಈ ಮನೆಗಳಲ್ಲಿ ಕನ್ನಡ ಓದುವವರು ಕಡಿಮೆ. ನಾವು ಬರಹ ಇದ್ದಲ್ಲಿ ಮಾತ್ರ ವಿಮರ್ಶೆ ಅಂತ ಹಟ ಹಿಡಿದರೆ ಅವರ ಕನ್ನಡದಲ್ಲಿ ವಿಚಾರವೇ ಇಲ್ಲ, ಹಾಡು-ಶಾಸ್ತ್ರ ಮಾತ್ರ ಇದೆ ಅಂತ ತೀರ್ಪು ಕೊಟ್ಟ ಹಾಗಾಗುತ್ತೆ.

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್‌ನಲ್ಲಿ ‘ಪ್ಲಸ್-ಮೈನಸ್’ ಅಂತ ಒಂದು ಅಂಕಿ ಇದೆ. ಆಟಗಾರ ಅಂಗಣದಲ್ಲಿದ್ದಾಗ ತಂಡ ಎಷ್ಟು ಮುಂದಾಯಿತು, ಎಷ್ಟು ಹಿಂದಾಯಿತು ಅನ್ನುವ ಲೆಕ್ಕ. ನಿಮ್ಮ ಮಾವನ ‘ಶಿಫ್ಟ್’ ಅದೇ ಅಲ್ಲವೇ?

ಉತ್ತರ: ಹತ್ತಿರ ಇದೆ. ಅದೂ ನಿಂತಿದ್ದಕ್ಕೆ ಲೆಕ್ಕ ಕೊಡುವ ಪ್ರಯತ್ನವೇ. ಆದರೆ ಅಲ್ಲಿ ಐದು ಜನ, ಆಗಾಗ ಬದಲಾಗ್ತಾರೆ, ಇದ್ದಾಗ-ಇಲ್ಲದಾಗ ಹೋಲಿಸಬಹುದು. ಕ್ರಿಕೆಟ್‌ನಲ್ಲಿ ಹನ್ನೊಂದು ಜನ ಹೆಚ್ಚುಕಡಿಮೆ ಕೊನೆತನಕ ಅವರೇ. ಸುದರ್ಶನ್ ಇಲ್ಲದ ಒಂದು ಫೈನಲ್ ಇಟ್ಟುಕೊಂಡು ಅವರ ಮೈನಸ್ ಬರೆಯೋಕಾಗಲ್ಲ. ದಂಡ ಅನ್ನುವವರು ಮಾಡುವ ತಪ್ಪು ಇದೇ.

ಪ್ರಶ್ನೆ: ಆರ್‌ಸಿಬಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಲ್ಲಿನ ಕನ್ನಡಿಗರು ಯಾರ ಕಡೆ?

ಉತ್ತರ: ಎರಡೂ ಕಡೆ ಇದ್ದಾರೆ, ಒಂದೇ ಮನೆಯಲ್ಲೂ. ನಾನು ಬೇಕೆಂದೇ ಬಿಟ್ಟೆ. 2025ರ ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಿತು, 4ಕ್ಕೆ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಸತ್ತರು, 5ಕ್ಕೆ ಕೊಯಮತ್ತೂರಿನಲ್ಲಿ ಟಿಎನ್‌ಪಿಎಲ್ ಶುರುವಾಯಿತು. ಆ ವಾರ ಕೇಳಿಬಂದ ‘ಜೀವಕ್ಕೆ ಬೆಲೆ ಇಲ್ವಾ’ ಅನ್ನುವ ಮಾತು ನನ್ನ ಪ್ರಬಂಧದ ಪದವೇ. ಸರ್ಕಾರದ ಪರಿಹಾರ 10 ಲಕ್ಷದಿಂದ 25 ಲಕ್ಷಕ್ಕೆ ಏರಿದಾಗ ‘ಬೆಲೆ’ಯ ಎರಡು ಅರ್ಥಗಳೂ ಒಂದರ ಮೇಲೊಂದು ಬಿದ್ದವು. ಅದನ್ನು ಇಪ್ಪತ್ತು ನಿಮಿಷದ ಪ್ರಬಂಧದಲ್ಲಿ ಉದಾಹರಣೆಯಾಗಿ ಬಳಸೋಕೆ ಮನಸ್ಸು ಬರಲಿಲ್ಲ.

ಪ್ರಶ್ನೆ: ನಿಮ್ಮ ಪ್ರಬಂಧದಲ್ಲಿ ಮಾವ ಮಾತಾಡ್ತಾರೆ. ಅತ್ತೆ ಎಲ್ಲಿ? ತಿರುಪ್ಪೂರಿನ ಕಂಪನಿಗಳಲ್ಲಿ ಹೆಂಗಸರೇ ಹೆಚ್ಚಿದ್ದಾರಲ್ಲ?

ಉತ್ತರ: ಹೌದು ಮೇಡಂ. ಅತ್ತೆ ಚೆಕಿಂಗ್‌ನಲ್ಲಿದ್ದಾರೆ, ಶಿಫ್ಟ್ ಲೆಕ್ಕ. ಆರ್ಡರ್ ಹೊರಡುವ ವಾರ ಒಂದೂವರೆ ಶಿಫ್ಟ್. ರಾತ್ರಿಯ ಪಂದ್ಯ ಶುರುವಾಗುವ ಹೊತ್ತಿಗೆ ಅವರು ಇನ್ನೂ ಒಳಗಿರ್ತಾರೆ, ಮನೆಗೆ ಬಂದಾಗ ಎರಡನೇ ಇನಿಂಗ್ಸ್‌ನ ಏಳೆಂಟು ಓವರ್ ಆಗಿರುತ್ತೆ. ಬಂದವರೇ ಅಡುಗೆಮನೆಯಿಂದ ‘ಎಷ್ಟು?’ ಅಂತ ಕೇಳ್ತಾರೆ. ಸ್ಕೋರು ಹೇಳಿದರೆ, ‘ಯಾರಿದ್ದಾರೆ?’ ಅಂತ ಇನ್ನೊಂದು ಪ್ರಶ್ನೆ. ಅವರ ವಾದ ಬಹಳ ಸಲ ಆ ಎರಡು ಪ್ರಶ್ನೆಗೇ ನಿಲ್ಲುತ್ತೆ, ಯಾಕೆಂದರೆ ಅಷ್ಟರಲ್ಲಿ ಕುಕ್ಕರ್ ಕೂಗಿರುತ್ತೆ.